ಕಸಿ ಮಾಡಿದ ಕಣ್ಣಿಗೆ ಪೊರೆ ಬಂದಾಗ

(ವೆಲ್ಲಿಂಗ್ಟನ್‌ನಲ್ಲಿ ದೇವಸ್ಥಾನದ ಉತ್ಸವದ ಸಂದರ್ಭದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಕಾಳಹಸ್ತಿಯ ಬೇಡರ ಕಣ್ಣಪ್ಪನ ಕಥೆಯನ್ನು ಕೇಳದ ಭಕ್ತರು ಇಲ್ಲಿ ಯಾರೂ ಇರಲಾರರು. ತಮಿಳಿನಲ್ಲಿ ಪೆರಿಯ ಪುರಾಣವು ಅವನ ಕಥೆಯನ್ನು ಹೇಳುತ್ತದೆ. ಕನ್ನಡದಲ್ಲಿ ಹರಿಹರ ಕವಿಯು ಅವನ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಶಿವಲಿಂಗದ ಒಂದು ಕಣ್ಣಿನಿಂದ ರಕ್ತ ಸುರಿಯುವುದನ್ನು ಕಂಡ ಆ ಮುಗ್ಧ ಬೇಡನು ಕಣ್ಣಿಗೆ ಕಣ್ಣೇ ಮದ್ದೆಂದು ತನ್ನ ಕಣ್ಣನ್ನು ಬಾಣದಿಂದ ಕಿತ್ತು ಅಲ್ಲಿಟ್ಟನು. ರಕ್ತ ನಿಂತಿತು. ಅಷ್ಟರಲ್ಲಿ ಸ್ವಾಮಿಯ ಇನ್ನೊಂದು ಕಣ್ಣಿನಿಂದ ರಕ್ತ ಹರಿಯತೊಡಗಿತು. ತನ್ನ ಎರಡನೆಯ ಕಣ್ಣನ್ನೂ ಕೊಡಲು ಅವನು ಸಿದ್ಧನಾದನು. ಆದರೆ ಕೊಡುವ ಮೊದಲು ಒಂದು ಕ್ಷಣ ಯೋಚಿಸಿದನು. ಎರಡೂ ಕಣ್ಣು ಹೋದ ಮೇಲೆ ಸ್ವಾಮಿಯ ಕಣ್ಣು ಎಲ್ಲಿದೆಯೆಂದು ಕಾಣುವುದು ಹೇಗೆ? ಆದ್ದರಿಂದ ತನ್ನ ಕಾಲಿನ ಹೆಬ್ಬೆರಳನ್ನು ಗುರುತಿಗಾಗಿ ಆ ಜಾಗದಲ್ಲಿ ಇಟ್ಟುಕೊಂಡನು. ಅದನ್ನು ಅಪಚಾರವೆಂದು ಯಾರೂ ಹೇಳಲಿಲ್ಲ. ಭಕ್ತಿಯ ಜೊತೆಗೆ ಅಲ್ಲಿ ಮುಂದಾಲೋಚನೆಯೂ ಇತ್ತು. ಶಿವನೇ ಕೈ ಹಿಡಿದು ಅವನನ್ನು ತಡೆದನು.

ಇಂದಿನ ವಿಷಯಕ್ಕೂ ಈ ಕಥೆಗೂ ಸಂಬಂಧವಿದೆ. ಬೇರೊಬ್ಬರು ದಾನ ಮಾಡಿದ ಕಾರ್ನಿಯಾವನ್ನು ಕಸಿ ಮಾಡಿಸಿಕೊಂಡು ದೃಷ್ಟಿ ಪಡೆದವರು ಈ ಬೆಟ್ಟದ ಹಟ್ಟಿಗಳಲ್ಲಿ, ತೋಟಗಳಲ್ಲಿ, ಪೇಟೆಗಳಲ್ಲಿ ಇದ್ದಾರೆ. ಅಂಥವರಿಗೆ ಕೆಲವು ವರ್ಷಗಳ ನಂತರ ಅದೇ ಕಣ್ಣಿನಲ್ಲಿ ಪೊರೆ ಬರುತ್ತದೆ. ಆಗ ಮನೆಯವರಲ್ಲಿ ಎರಡು ಮಾತು ಹುಟ್ಟುತ್ತವೆ. ‘ಪೊರೆ ಆಪರೇಷನ್ ತಾನೆ, ಕ್ಯಾಂಪಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತದೆ’ ಎಂದು ಕೆಲವರು. ‘ದಾನದ ಕಣ್ಣನ್ನು ಮತ್ತೆ ಮುಟ್ಟಿಸಿದರೆ ಇದ್ದದ್ದೂ ಹೋದೀತು, ಬೇಡವೇ ಬೇಡ’ ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ. ಆಪರೇಷನ್ ಮಾಡಿಸಬಹುದು, ಬಹಳ ಮಂದಿಗೆ ಅದರಿಂದ ಒಳ್ಳೆಯ ದೃಷ್ಟಿಯೂ ಬರುತ್ತದೆ. ಆದರೆ ಕಣ್ಣಪ್ಪನು ಎರಡನೆಯ ಕಣ್ಣಿಗೆ ಕೈ ಹಾಕುವ ಮೊದಲು ಗುರುತಿಟ್ಟುಕೊಂಡಂತೆ, ಇಲ್ಲಿಯೂ ಲೆಕ್ಕ ಹಾಕಿ, ಗುರುತಿಟ್ಟು, ಕಾಲ ನೋಡಿ ಮುಂದುವರಿಯಬೇಕು.

ಮೊದಲು ಕಾರ್ನಿಯಾ ಎಂದರೇನು ಎಂಬುದನ್ನು ತಿಳಿಯೋಣ. ಕಣ್ಣಿನ ಮುಂಭಾಗದಲ್ಲಿ, ಕಪ್ಪು ಭಾಗದ ಮೇಲೆ, ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಮಧ್ಯಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇದರಲ್ಲಿ ರಕ್ತನಾಳಗಳಿಲ್ಲ. ಬೇರೊಬ್ಬರ ಕಾರ್ನಿಯಾವನ್ನು ದೇಹವು ಬಹುಮಟ್ಟಿಗೆ ಒಪ್ಪಿಕೊಳ್ಳುವುದಕ್ಕೆ ಇದೊಂದು ಮುಖ್ಯ ಕಾರಣ. ಕಾರ್ನಿಯಾದ ಹಿಂದೆ, ಕಣ್ಣಿನ ಪಾಪೆಯ ಹಿಂಬದಿಯಲ್ಲಿ, ಮಸೂರವಿದೆ. ಕಾರ್ನಿಯಾ ಕಿಟಕಿಯ ಗಾಜು, ಮಸೂರವು ಒಳಗಿಟ್ಟ ಭೂತಗನ್ನಡಿ ಎಂದು ತಿಳಿದರೆ ಸಾಕು. ಕಿಟಕಿಯ ಗಾಜು ಮಬ್ಬಾದರೆ ಕಸಿ ಬೇಕು. ಭೂತಗನ್ನಡಿ ಮಬ್ಬಾದರೆ ಅದು ಪೊರೆ, ಅದಕ್ಕೆ ಪೊರೆಯ ಶಸ್ತ್ರಚಿಕಿತ್ಸೆ ಬೇಕು. ಎರಡೂ ಬೇರೆ ಬೇರೆ ಕಾಯಿಲೆಗಳು. ಆದರೆ ಒಂದೇ ಕಣ್ಣಿನಲ್ಲಿ ಎರಡೂ ಬರಬಹುದು.

ಕನ್ನಡಿಗರಿಗೆ ನೇತ್ರದಾನವೆಂದೊಡನೆ ನೆನಪಾಗುವುದು ಡಾ. ರಾಜಕುಮಾರ್ ಅವರ ಮನೆತನ. ರಾಜಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರವೇ 1954ರ ‘ಬೇಡರ ಕಣ್ಣಪ್ಪ’. 1994ರಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಆರಂಭವಾಯಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ ಚಿತ್ರದಲ್ಲಿ ಬಾಲಕ ಕಣ್ಣಪ್ಪನಾಗಿ ನಟಿಸಿದ್ದವರು ಅವರ ಕಿರಿಯ ಮಗ ಪುನೀತ್. ಆ ಪುನೀತ್ 2021ರ ಅಕ್ಟೋಬರ್ 29ರಂದು, ಕೇವಲ 46ನೇ ವಯಸ್ಸಿನಲ್ಲಿ, ಅಗಲಿದಾಗ ಅವರ ಎರಡು ಕಣ್ಣುಗಳಿಂದ ನಾಲ್ಕು ಮಂದಿಗೆ ದೃಷ್ಟಿ ಬಂತು. ಎರಡು ಕಣ್ಣು ನಾಲ್ವರಿಗೆ ಹೇಗೆ ಸಾಕಾಯಿತು ಎಂದು ಆಗ ಬಹಳ ಜನ ಕೇಳಿದರು. ವೈದ್ಯರು ಪ್ರತಿಯೊಂದು ಕಾರ್ನಿಯಾವನ್ನೂ ಮುಂಪದರ ಮತ್ತು ಹಿಂಪದರ ಎಂದು ಎರಡಾಗಿ ಬಿಡಿಸಿದರು. ಮುಂಪದರ ಕೆಟ್ಟವರಿಗೆ ಮುಂಪದರವನ್ನೂ, ಹಿಂಪದರ ಕೆಟ್ಟವರಿಗೆ ಹಿಂಪದರವನ್ನೂ ಕಸಿ ಮಾಡಿದರು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಕಸಿ ಎಂಬ ಹೆಸರು ಒಂದೇ ಆದರೂ ಕಸಿಯಲ್ಲಿ ಬಗೆಗಳಿವೆ. ಪೂರ್ಣ ದಪ್ಪದ ಕಸಿ ಹಳೆಯದು. ಮುಂಪದರದ ಕಸಿ ಒಂದು, ಹಿಂಪದರದ ಕಸಿ ಇನ್ನೊಂದು. ಮುಂದೆ ಪೊರೆ ಬಂದಾಗ ಎಷ್ಟು ಎಚ್ಚರಿಕೆ ಬೇಕು ಎಂಬುದು ಯಾವ ಬಗೆಯ ಕಸಿಯಾಗಿದೆ ಎಂಬುದರ ಮೇಲೆ ನಿಂತಿದೆ. ‘ಕಣ್ಣು ಬದಲಾಯಿಸಿದ್ದಾರೆ’ ಎಂದಷ್ಟೇ ಹೇಳಿದರೆ ಹೊಸ ವೈದ್ಯರಿಗೆ ಅದು ಸಾಲದು.

ಕಸಿಯ ಇತಿಹಾಸ ನೂರು ವರ್ಷ ದಾಟಿದೆ. 1905ರ ಡಿಸೆಂಬರ್ 7ರಂದು, ಇಂದು ಚೆಕ್ ದೇಶದಲ್ಲಿರುವ ಓಲೋಮೌಟ್ಸ್ ಎಂಬ ಊರಿನಲ್ಲಿ, ಡಾ. ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಮನುಷ್ಯರಲ್ಲಿ ಮೊದಲ ಸಫಲ ಕಾರ್ನಿಯಾ ಕಸಿಯನ್ನು ಮಾಡಿದರು. ರೋಗಿಯು ಸುಣ್ಣ ಬಿದ್ದು ಕಣ್ಣು ಕಳೆದುಕೊಂಡಿದ್ದ ಒಬ್ಬ ಕೂಲಿಗಾರ. ನಮ್ಮ ನೀಲಗಿರಿ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲೇ, 1945ರಲ್ಲಿ, ಮದರಾಸಿನ ಎಗ್ಮೋರ್ ಕಣ್ಣಾಸ್ಪತ್ರೆಯಲ್ಲಿ ಡಾ. ಆರ್.ಇ.ಎಸ್. ಮುತ್ತಯ್ಯನವರು ದೇಶದ ಮೊದಲ ನೇತ್ರ ಬ್ಯಾಂಕನ್ನು ಆರಂಭಿಸಿದರು. ಆ ಆಸ್ಪತ್ರೆ 1819ರಲ್ಲಿ ಸ್ಥಾಪನೆಯಾದದ್ದು. ಈ ವಿದ್ಯೆ ನಮಗೆ ದೂರದ್ದಲ್ಲ, ನಮ್ಮ ರಾಜ್ಯದ ರಾಜಧಾನಿಯಲ್ಲೇ ಬೇರೂರಿದ್ದು.

ಈ ಬೆಟ್ಟದಲ್ಲಿ ಕಾರ್ನಿಯಾ ಕೆಡುವುದಕ್ಕೆ ಕಾರಣಗಳು ಕಣ್ಣೆದುರಿಗೇ ಇವೆ. ಚಹಾ ಗಿಡದ ಕಡ್ಡಿ ಕಣ್ಣಿಗೆ ಹೊಡೆಯುತ್ತದೆ. ಗಾಯ ಚಿಕ್ಕದೆಂದು ಎಲೆಯ ರಸವನ್ನೋ, ತಾಯಿಯ ಹಾಲನ್ನೋ ಹಾಕಿ ಎರಡು ದಿನ ಕಳೆಯುತ್ತಾರೆ. ಗಿಡದ ಕಡ್ಡಿಯಿಂದ ಬಂದ ಬೂಷ್ಟು ಕಾರ್ನಿಯಾದಲ್ಲಿ ಬೆಳೆದು ಹುಣ್ಣಾಗುತ್ತದೆ. ದಕ್ಷಿಣ ಭಾರತದಲ್ಲಿ ಕಾರ್ನಿಯಾದ ಹುಣ್ಣಿಗೆ ಈ ಬೂಷ್ಟು ಒಂದು ದೊಡ್ಡ ಕಾರಣ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿಯುತ್ತದೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ ಕಣ್ಣಿಗೆ ಸಿಡಿಸಿಕೊಳ್ಳುವುದೂ ಉಂಟು. 1905ರ ಆ ಕೂಲಿಗಾರನ ಕಣ್ಣನ್ನು ಕೆಡಿಸಿದ ಅದೇ ಸುಣ್ಣ ಇಂದಿಗೂ ಮನೆಯ ಮಾಡದಲ್ಲಿ ಕುಳಿತಿದೆ. ಇವಲ್ಲದೆ ಹುಟ್ಟಿನಿಂದ ಬರುವ ದೋಷಗಳು, ಯೌವನದಲ್ಲಿ ಕಾರ್ನಿಯಾ ಕೋನದಂತೆ ಮುಂದೆ ಚಾಚಿಕೊಳ್ಳುವ ಕಾಯಿಲೆ, ವಯಸ್ಸಾದಂತೆ ಹಿಂಪದರ ಸವೆಯುವ ಕಾಯಿಲೆ, ಇವುಗಳಿಗೂ ಕಸಿ ಮಾಡುತ್ತಾರೆ.

ಇನ್ನು ಪೊರೆ. ಇದು ನಮ್ಮ ದೇಶಕ್ಕೆ ಬಹು ಪುರಾತನ ಪರಿಚಯ. ಸುಶ್ರುತ ಸಂಹಿತೆಯಲ್ಲಿ ಶಲಾಕೆಯಿಂದ ಮಬ್ಬಾದ ಮಸೂರವನ್ನು ಪಕ್ಕಕ್ಕೆ ಸರಿಸುವ ಕ್ರಮ ಹೇಳಿದೆ. ಕನ್ನಡ ನಾಡಿನಲ್ಲಿ ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಾಲೆಗಳಲ್ಲಿ, ಛತ್ರಗಳಲ್ಲಿ ಶಿಬಿರ ಮಾಡಿ ಲಕ್ಷಾಂತರ ಬಡವರ ಪೊರೆ ತೆಗೆದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ, ಯುದ್ಧವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿನೊಳಗೆ ಸೇರಿಕೊಂಡರೂ ಕಣ್ಣು ಕೆರಳದೆ ಇರುವುದನ್ನು ಗಮನಿಸಿ, 1949ರ ನವೆಂಬರ್ 29ರಂದು ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಇರಿಸಿದರು. ಸಂಧಿವಾತದಿಂದ ಬೆರಳು ಸೊಟ್ಟಗಾಗಿದ್ದ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೆಯಲ್ಲಿ 11 ಹಾಸಿಗೆಗಳಿಂದ ಅರವಿಂದ್ ಕಣ್ಣಾಸ್ಪತ್ರೆಯನ್ನು ಆರಂಭಿಸಿದರು. ಆ ಸಂಸ್ಥೆಯ ಅರೋಲ್ಯಾಬ್ 1992ರಿಂದ ಕೃತಕ ಮಸೂರಗಳನ್ನು ಕಡಿಮೆ ಬೆಲೆಗೆ ತಯಾರಿಸಿದ್ದರಿಂದ ಬಡವನ ಕಣ್ಣಿಗೂ ಲೆನ್ಸ್ ಬಂತು.

ಕಸಿ ಮಾಡಿದ ಕಣ್ಣಿಗೆ ಪೊರೆ ಏಕೆ ಬೇಗ ಬರುತ್ತದೆ? ಒಂದು, ವಯಸ್ಸು. ಅದು ಎಲ್ಲರಿಗೂ ಇದ್ದದ್ದೇ. ಎರಡು, ಕಸಿಯ ಸಮಯದಲ್ಲಿ ಮಸೂರದ ಹತ್ತಿರ ಆಗುವ ಅಲುಗಾಟ ಮತ್ತು ಆ ಬಳಿಕದ ಉರಿಯೂತ. ಮೂರನೆಯದೇ ಮುಖ್ಯ. ಹೊಸ ಕಾರ್ನಿಯಾವನ್ನು ದೇಹವು ತಿರಸ್ಕರಿಸದಿರಲೆಂದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಸ್ಟಿರಾಯ್ಡ್ ಹನಿ ಹಾಕಬೇಕಾಗುತ್ತದೆ. ಆ ಹನಿ ಕಸಿಯನ್ನು ಕಾಯುತ್ತದೆ, ಆದರೆ ಮಸೂರದ ಹಿಂಬದಿಯಲ್ಲಿ ಪೊರೆಯನ್ನು ತರಬಲ್ಲದು. ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡವನ್ನೂ ಏರಿಸುತ್ತದೆ. ಜೊತೆಗೆ ನಾವಿರುವುದು ಸುಮಾರು 6,000 ಅಡಿ ಎತ್ತರದಲ್ಲಿ. ಪ್ರತಿ ಸಾವಿರ ಮೀಟರು ಮೇಲೇರಿದಂತೆ ಬಿಸಿಲಿನ ಅತಿನೇರಳೆ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ಚಳಿ ಇದೆಯೆಂದು ಬಿಸಿಲಿನ ಈ ಕಿರಣ ಕಡಿಮೆಯಾಗುವುದಿಲ್ಲ. ಪೊರೆಗೆ ಅದೂ ಒಂದು ಕಾರಣ. ಆದ್ದರಿಂದ ಹೊಲ ತೋಟಗಳಲ್ಲಿ ದುಡಿಯುವವರಿಗೆ ಅಂಚಿನ ಟೋಪಿ, ತಂಪು ಕನ್ನಡಕ ಶೋಕಿಯ ವಸ್ತುವಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾರ್ನಿಯಾದ ಅತ್ಯಂತ ಹಿಂದಿನ ಪದರದಲ್ಲಿ ಒಂದೇ ಸಾಲಿನ ಜೀವಕೋಶಗಳಿವೆ. ಜೇನುಗೂಡಿನ ಕಣ್ಣುಗಳಂತೆ ಒತ್ತೊತ್ತಾಗಿ ಜೋಡಿಸಿದ ಕೋಶಗಳು. ಕಾರ್ನಿಯಾದೊಳಕ್ಕೆ ಸೇರುವ ನೀರನ್ನು ಹಗಲಿರುಳು ಹೊರಹಾಕುತ್ತಾ ಅದನ್ನು ತಿಳಿಯಾಗಿಡುವುದೇ ಇವುಗಳ ಕೆಲಸ. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ ಸಾಮಾನ್ಯವಾಗಿ 2,000ದಿಂದ 3,000 ಕೋಶಗಳಿರುತ್ತವೆ. ಇವುಗಳ ವಿಶೇಷವೆಂದರೆ, ಸತ್ತ ಕೋಶದ ಜಾಗಕ್ಕೆ ಹೊಸ ಕೋಶ ಹುಟ್ಟುವುದಿಲ್ಲ. ಪಕ್ಕದ ಕೋಶಗಳು ಹಿಗ್ಗಿ ಆ ಜಾಗವನ್ನು ತುಂಬುತ್ತವೆ, ಅಷ್ಟೆ. ಸಂಖ್ಯೆ 500ರ ಸುಮಾರಿಗೆ ಇಳಿದರೆ ನೀರು ಹೊರಹಾಕುವ ಶಕ್ತಿ ಸಾಲದೆ ಕಾರ್ನಿಯಾ ಊದಿಕೊಂಡು ಮಬ್ಬಾಗುವ ಅಪಾಯವಿದೆ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಇದು ಜಮಾ ಇಲ್ಲದ, ಖರ್ಚು ಮಾತ್ರ ಇರುವ ಖಾತೆ. ಆರೋಗ್ಯವಂತ ಕಣ್ಣಿನಲ್ಲಿ ಖರ್ಚು ಬಹಳ ಕಡಿಮೆ, ವರ್ಷಕ್ಕೆ ಶೇಕಡ ಒಂದಕ್ಕಿಂತಲೂ ಕಡಿಮೆ. ಆ ಮೂಲಧನ ನೂರು ವರ್ಷದ ಆಯುಸ್ಸಿಗೂ ಸಾಕು. ಆದರೆ ಪೂರ್ಣ ದಪ್ಪದ ಕಸಿಯಾದ ಕಾರ್ನಿಯಾದಲ್ಲಿ ಖರ್ಚು ಬೇಗ. ಅಮೆರಿಕದಲ್ಲಿ ಕಾರ್ನಿಯಾ ದಾನಿಗಳ ಬಗ್ಗೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಕಸಿ ತಿಳಿಯಾಗಿಯೇ ಇದ್ದವರಲ್ಲಿ ಸಹ, ಐದು ವರ್ಷಗಳೊಳಗೆ ಸುಮಾರು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಕೋಶಗಳು ಕಳೆದುಹೋಗಿದ್ದವು. ನೋಡುವುದಕ್ಕೆ ಕಣ್ಣು ಚೆನ್ನಾಗಿದೆ, ಪೇಪರ್ ಓದುತ್ತಾರೆ, ಆದರೆ ಒಳಗೆ ಉಳಿದಿರುವ ಬಂಡವಾಳ ಕಡಿಮೆ.

ಪೊರೆಯ ಶಸ್ತ್ರಚಿಕಿತ್ಸೆ ಎಷ್ಟೇ ನಾಜೂಕಾಗಿ ಮಾಡಿದರೂ ಈ ಕೋಶಗಳಲ್ಲಿ ಒಂದಿಷ್ಟು ಹೋಗುತ್ತವೆ. ಮಸೂರವನ್ನು ಒಡೆಯುವ ಶಬ್ದತರಂಗದ ಶಕ್ತಿ, ಒಳಗೆ ಹರಿಯುವ ನೀರು, ಗಟ್ಟಿ ಮಸೂರದ ಚೂರುಗಳ ತಾಗುವಿಕೆ, ಎಲ್ಲದರ ಪೆಟ್ಟು ಮೇಲಿನ ಈ ಪದರಕ್ಕೇ ಬೀಳುತ್ತದೆ. ಸಾಮಾನ್ಯ ಕಣ್ಣಿಗೆ ಇದು ಲೆಕ್ಕಕ್ಕೆ ಬಾರದ ನಷ್ಟ. ಎರಡೂವರೆ ಸಾವಿರ ಇದ್ದವನಿಗೆ ಇನ್ನೂರು ಹೋದರೆ ತೊಂದರೆಯಿಲ್ಲ. ಏಳುನೂರು ಮಾತ್ರ ಉಳಿದವನಿಗೆ ಇನ್ನೂರು ಹೋದರೆ ಮನೆಯೇ ಕುಸಿದಂತೆ. ಕಸಿಯ ಕಣ್ಣಿಗೂ ಸಾಮಾನ್ಯ ಕಣ್ಣಿಗೂ ಇರುವ ವ್ಯತ್ಯಾಸದ ತಿರುಳು ಇದೇ.

ಆದ್ದರಿಂದ ಮೊದಲ ಹೆಜ್ಜೆ ಎಣಿಕೆ. ಕೋಶಗಳನ್ನು ಎಣಿಸುವ ಯಂತ್ರವಿದೆ, ಅದಕ್ಕೆ ಸ್ಪೆಕ್ಯುಲರ್ ಮೈಕ್ರೋಸ್ಕೋಪ್ ಎಂದು ಹೆಸರು. ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಚಿತ್ರ ತೆಗೆದು ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ ನೋಡಿದ ಮೇಲೆಯೇ ವೈದ್ಯರು ದಾರಿ ಆರಿಸುತ್ತಾರೆ. ಕೋಶಗಳ ಮೇಲೆ ರಕ್ಷಣೆಗಾಗಿ ಅಂಟಾದ ದ್ರವದ ಲೇಪ ಕೊಡುತ್ತಾರೆ. ಶಬ್ದತರಂಗದ ಶಕ್ತಿಯನ್ನು ಕಡಿಮೆ ಬಳಸುತ್ತಾರೆ. ಕಸಿಯ ಅಂಚಿನಿಂದ ದೂರದಲ್ಲಿ, ಕೆಲವೊಮ್ಮೆ ಬಿಳಿಗುಡ್ಡೆಯ ಕಡೆಯಿಂದ, ದಾರಿ ಮಾಡಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಲು ಕಾರ್ನಿಯಾ ವಿಭಾಗವಿರುವ ಆಸ್ಪತ್ರೆಯೇ ಬೇಕು. ಶಿಬಿರಗಳು ಮಹದುಪಕಾರ ಮಾಡಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಸಿಯಾದ ಕಣ್ಣಿನವರು ಶಿಬಿರಕ್ಕೆ ಹೋದರೆ ಮೊದಲು ಹೇಳಬೇಕಾದ ಮಾತು: ‘ಈ ಕಣ್ಣಿಗೆ ಕಸಿಯಾಗಿದೆ.’ ಆ ಒಂದು ಮಾತನ್ನು ಸಂಕೋಚದಿಂದ ನುಂಗಬಾರದು.

ಎರಡನೆಯ ಹೆಜ್ಜೆ ಕಾಲನಿರ್ಣಯ. ಪೂರ್ಣ ದಪ್ಪದ ಕಸಿಯನ್ನು ಕೂದಲಿಗಿಂತ ತೆಳುವಾದ ದಾರದಿಂದ, ಸಾಮಾನ್ಯವಾಗಿ ಹದಿನಾರು ಹೊಲಿಗೆ ಹಾಕಿ ಕೂರಿಸುತ್ತಾರೆ. ಹೊಲಿಗೆಯ ಬಿಗಿತದಿಂದ ಕಾರ್ನಿಯಾದ ಆಕಾರ ಏರುಪೇರಾಗಿರುತ್ತದೆ. ಒಳಗಿಡುವ ಲೆನ್ಸಿನ ಪವರನ್ನು ಲೆಕ್ಕ ಹಾಕುವುದು ಆ ಆಕಾರವನ್ನು ಅಳೆದೇ. ಅಳತೆ ತಪ್ಪಿದರೆ ಲೆನ್ಸೂ ತಪ್ಪುತ್ತದೆ. ಆದ್ದರಿಂದ ಅವಸರವಿಲ್ಲದಿದ್ದರೆ ಹೊಲಿಗೆಗಳನ್ನೆಲ್ಲ ತೆಗೆದು, ಕೆಲವು ತಿಂಗಳು ಕಾದು, ಅಳತೆ ಒಂದೇ ಸಮನೆ ಬರುವವರೆಗೆ ನೋಡಿ ಆಮೇಲೆ ಪೊರೆ ತೆಗೆಯುವುದು ಕ್ರಮ. ಹೊಲಿಗೆಗೆ ಒಂದು ವರ್ಷವೋ, ಹೆಚ್ಚೋ ಆಗಬಹುದು. ಇಷ್ಟು ಮಾಡಿದರೂ ಸಾಮಾನ್ಯ ಕಣ್ಣಿನಷ್ಟು ಕರಾರುವಾಕ್ಕಾಗಿ ಲೆಕ್ಕ ಕೂಡದಿರಬಹುದು. ಆಪರೇಷನ್ ನಂತರ ಕನ್ನಡಕವೋ, ಗಟ್ಟಿ ಕಾಂಟ್ಯಾಕ್ಟ್ ಲೆನ್ಸೋ ಬೇಕಾದರೆ ಅದು ಸೋಲಲ್ಲ. ಪಕ್ಕದ ಮನೆಯವರಿಗೆ ಕನ್ನಡಕವೇ ಬೇಡವಾಯಿತು, ನಮಗೇಕೆ ಬೇಕು ಎಂಬ ಹೋಲಿಕೆ ಇಲ್ಲಿ ಸಲ್ಲದು.

ಕೆಲವರಿಗೆ ಕಸಿಯ ಸಮಯದಲ್ಲೇ ಪೊರೆಯೂ ಇರುತ್ತದೆ. ಆಗ ಕಸಿ, ಪೊರೆ, ಲೆನ್ಸ್ ಮೂರನ್ನೂ ಒಂದೇ ಬಾರಿಗೆ ಮುಗಿಸುವುದುಂಟು. ಲಾಭವೆಂದರೆ ಒಂದೇ ಶಸ್ತ್ರಚಿಕಿತ್ಸೆ, ಹೊಸ ಕಾರ್ನಿಯಾಕ್ಕೆ ಎರಡನೇ ಪೆಟ್ಟಿಲ್ಲ. ಕೊರತೆಯೆಂದರೆ ಕಸಿಯ ಕೊನೆಯ ಆಕಾರ ಹೇಗಾಗುವುದೆಂದು ಮೊದಲೇ ತಿಳಿಯದೆ ಲೆನ್ಸಿನ ಪವರನ್ನು ಅಂದಾಜಿನಿಂದ ಆರಿಸಬೇಕು. ಬರೀ ಹಿಂಪದರ ಕಸಿ ಮಾಡುವಾಗ ಈ ಅಂದಾಜು ಹೆಚ್ಚು ಸರಿಹೋಗುತ್ತದೆ, ಹಾಗಾಗಿ ಅಲ್ಲಿ ಎರಡನ್ನೂ ಒಟ್ಟಿಗೆ ಮಾಡುವುದು ರೂಢಿಗೆ ಬಂದಿದೆ. ಇನ್ನು ಮುಂಪದರದ ಕಸಿಯಾದವರದು ಬೇರೆ ಅದೃಷ್ಟ. ಅವರ ಹಿಂಪದರದ ಕೋಶಗಳು ಅವರ ಸ್ವಂತದ್ದೇ. ದೇಹವು ಆ ಪದರವನ್ನು ತಿರಸ್ಕರಿಸುವ ಮಾತಿಲ್ಲ, ಪೊರೆಯ ಆಪರೇಷನ್ನಿನಲ್ಲಿ ಭಯವೂ ಕಡಿಮೆ. ಕಸಿ ಯಾವ ಬಗೆಯದೆಂಬ ಕಾಗದ ಜೋಪಾನವಾಗಿರಬೇಕೆನ್ನುವುದು ಇದಕ್ಕಾಗಿಯೇ. ಜಮೀನಿನ ಪಟ್ಟಾ, ರೇಷನ್ ಕಾರ್ಡಿನ ಜೊತೆ ಕಣ್ಣಿನ ಕಾಗದವೂ ಪೆಟ್ಟಿಗೆಯಲ್ಲಿರಲಿ.

ಮೂರನೆಯ ಹೆಜ್ಜೆ ಕಾವಲು. ಕಸಿಯ ಅಂಗವನ್ನು ದೇಹವು ಪರಕೀಯವೆಂದು ಗುರುತಿಸಿ ಹೊಡೆದಟ್ಟಲು ಹೊರಡುವುದನ್ನು ತಿರಸ್ಕಾರ ಎನ್ನುತ್ತಾರೆ. ವರ್ಷಗಳ ಕಾಲ ಸುಮ್ಮನಿದ್ದ ಕಣ್ಣು ಪೊರೆಯ ಆಪರೇಷನ್ ನಂತರ ಕೆರಳಬಹುದು. ಆದ್ದರಿಂದ ವೈದ್ಯರು ಮೊದಲೇ ಮತ್ತು ಆಮೇಲೆ ಸ್ಟಿರಾಯ್ಡ್ ಹನಿಯನ್ನು ಹೆಚ್ಚಿಸಿ, ನಿಧಾನವಾಗಿ ಇಳಿಸುತ್ತಾರೆ. ತಿರಸ್ಕಾರದ ಲಕ್ಷಣಗಳು ನಾಲ್ಕು: ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಕಾಗುವುದು, ನೋವು. ನಾಲ್ಕೂ ಒಟ್ಟಿಗೆ ಬರಬೇಕೆಂದಿಲ್ಲ. ಒಂದು ಕಂಡರೂ ಅದೇ ದಿನ ಹೊರಡಬೇಕು. ಬೇಗ ಹೋದರೆ ಹನಿ ಮದ್ದಿನಿಂದಲೇ ತಿರಸ್ಕಾರವನ್ನು ತಡೆಯಬಹುದು. ಹಬ್ಬ ಮುಗಿಯಲಿ, ಎಲೆ ಕೀಳುವ ಸುತ್ತು ಮುಗಿಯಲಿ, ಮಗ ಊರಿಂದ ಬರಲಿ ಎಂದು ಒಂದು ವಾರ ಕಾದವರು ಕಸಿಯನ್ನೇ ಕಳೆದುಕೊಳ್ಳಬಹುದು.

ಇಲ್ಲಿ ನಮ್ಮ ಊರಿನ ಕಷ್ಟವೂ ಸೇರುತ್ತದೆ. ದೊಡ್ಡ ಕಣ್ಣಾಸ್ಪತ್ರೆಗೆ ಕೂನೂರು ಘಾಟಿ ಇಳಿದು, ಮೇಟ್ಟುಪಾಳ್ಯಂ ದಾಟಿ ಕೊಯಮತ್ತೂರಿಗೆ ಹೋಗಬೇಕು. ಹಿಂಗಾರಿನ ತಿಂಗಳುಗಳಲ್ಲಿ ಮಣ್ಣು ಕುಸಿದು ಘಾಟಿ ರಸ್ತೆಯೂ ರೈಲು ದಾರಿಯೂ ನಿಲ್ಲುವುದು ಎಲ್ಲರಿಗೂ ಗೊತ್ತು. ಆಪರೇಷನ್ ನಂತರದ ಮೊದಲ ವಾರಗಳಲ್ಲಿ ಮತ್ತೆ ಮತ್ತೆ ತೋರಿಸಬೇಕಾದ್ದರಿಂದ, ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯ ಕಾಲವನ್ನು ಬಿಟ್ಟು ಬೇರೆ ತಿಂಗಳು ಕೊಡಿರೆಂದು ವೈದ್ಯರನ್ನು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಆ ಕಾಲದಲ್ಲೇ ಆಗಬೇಕಾದರೆ ಕೆಳಗೆ ನೆಂಟರ ಮನೆಯಲ್ಲಿ ಕೆಲವು ದಿನ ಉಳಿಯುವ ಏರ್ಪಾಡು ಮಾಡಿಕೊಳ್ಳಬೇಕು.

ಹನಿ ಮದ್ದಿನ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಕಣ್ಣು ಚೆನ್ನಾಗಿದೆಯೆಂದು ಸ್ವಂತ ತೀರ್ಮಾನದಿಂದ ನಿಲ್ಲಿಸುವುದು ಒಂದು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮತ್ತೆ ಮತ್ತೆ ತಂದು ಹಾಕುವುದು ಇನ್ನೊಂದು. ಮೊದಲನೆಯದರಿಂದ ತಿರಸ್ಕಾರ, ಎರಡನೆಯದರಿಂದ ಕಣ್ಣಿನ ಒತ್ತಡ ಏರಿ ನರ ಸಾಯುವ ಅಪಾಯ. ಒತ್ತಡದಿಂದ ಹೋದ ದೃಷ್ಟಿಯನ್ನು ಯಾವ ಕಸಿಯೂ ತರಲಾರದು. ಇನ್ನೊಂದು ಸಂಗತಿ ಹಲವರಿಗೆ ತಿಳಿದಿಲ್ಲ. ಪೂರ್ಣ ದಪ್ಪದ ಕಸಿಯ ಅಂಚು ಎಷ್ಟು ವರ್ಷವಾದರೂ ಮೊದಲಿನ ಗಟ್ಟಿತನಕ್ಕೆ ಬರುವುದಿಲ್ಲ. ಬಲವಾದ ಪೆಟ್ಟು ಬಿದ್ದರೆ ಹತ್ತು ವರ್ಷದ ನಂತರವೂ ಬಿಟ್ಟುಕೊಳ್ಳಬಹುದು. ತೇರಿನ ನೂಕುನುಗ್ಗಲು, ಸೌದೆ ಒಡೆಯುವ ಕೆಲಸ, ಪಟಾಕಿ, ಹಸುವಿನ ಕೊಂಬು, ಇವುಗಳ ಹತ್ತಿರ ಅಂಥವರು ಕನ್ನಡಕ ಹಾಕಿಯೇ ಇರಬೇಕು. ಉತ್ಸವದ ಸ್ವಯಂಸೇವಕರು ಅಂಥ ಹಿರಿಯರಿಗೆ ಪಕ್ಕದಿಂದ ದರ್ಶನ ಮಾಡಿಸಿದರೆ ಅದೂ ಸ್ವಾಮಿಯ ಸೇವೆಯೇ.

ಇಷ್ಟು ಎಚ್ಚರಿಕೆ ಹೇಳಿದ್ದು ಹೆದರಿಸುವುದಕ್ಕಲ್ಲ. ಹೆದರಿ ಕುಳಿತರೆ ಪೊರೆ ಬಲಿತು ಕಂದು ಬಣ್ಣಕ್ಕೆ ತಿರುಗಿ ಕಲ್ಲಿನಂತಾಗುತ್ತದೆ. ಅದನ್ನು ಒಡೆಯಲು ಹೆಚ್ಚು ಶಕ್ತಿ ಬೇಕು, ಕೋಶಗಳ ನಷ್ಟವೂ ಹೆಚ್ಚು. ಅಂದರೆ ಭಯಪಟ್ಟು ಮುಂದೂಡಿದ್ದೇ ಭಯಪಟ್ಟ ಅಪಾಯವನ್ನು ತರುತ್ತದೆ. ಸರಿಯಾದ ಕಾಲದಲ್ಲಿ, ಎಣಿಕೆ ನೋಡಿ, ಅನುಭವಿ ಕೈಯಿಂದ ಮಾಡಿಸಿದರೆ ಬಹುಪಾಲು ಕಸಿಗಳು ತಿಳಿಯಾಗಿಯೇ ಉಳಿಯುತ್ತವೆ. ಒಂದು ವೇಳೆ ಕಸಿ ಸೋತರೂ ಬಾಗಿಲು ಮುಚ್ಚುವುದಿಲ್ಲ. ಹಳೆಯ ಕಸಿಯ ಹಿಂದೆ ಹೊಸ ಹಿಂಪದರವನ್ನು ಮಾತ್ರ ಕೂರಿಸುವ ವಿದ್ಯೆ ಈಗ ಇದೆ. ಆದರೆ ಅದಕ್ಕೆ ಮತ್ತೊಬ್ಬ ದಾನಿ ಬೇಕು. ಒಬ್ಬರು ನಿರ್ಲಕ್ಷ್ಯದಿಂದ ಕಳೆದುಕೊಂಡ ಕಾರ್ನಿಯಾಕ್ಕೆ ಬದಲಾಗಿ ಇನ್ನೊಂದನ್ನು ಪಡೆದರೆ, ಸರದಿಯಲ್ಲಿ ಕಾದಿರುವ ಮತ್ತೊಬ್ಬರ ಬೆಳಕು ಅಷ್ಟು ಹಿಂದೆ ಹೋಗುತ್ತದೆ.

ದೇವಸ್ಥಾನದ ಆಸ್ತಿ ಯಾರದು? ಧರ್ಮದರ್ಶಿಗಳದ್ದಲ್ಲ, ಅರ್ಚಕರದ್ದಲ್ಲ. ಅವರು ಕಾಯುವವರು ಮಾತ್ರ. ಹುಂಡಿಯ ಪ್ರತಿ ರೂಪಾಯಿಗೂ ಲೆಕ್ಕ ಕೊಡಬೇಕು. ಕಸಿ ಮಾಡಿಸಿಕೊಂಡ ಕಣ್ಣೂ ಹಾಗೆಯೇ. ಯಾವುದೋ ಮನೆಯವರು ದುಃಖದ ಆ ಗಳಿಗೆಯಲ್ಲಿ, ಅಳುತ್ತಲೇ ಒಪ್ಪಿಗೆ ಕೊಟ್ಟದ್ದರಿಂದ ಬಂದ ಸ್ವತ್ತು ಅದು. ಅದನ್ನು ಧರಿಸಿದವರು ಅದರ ಧರ್ಮದರ್ಶಿಗಳು.

ಕೊನೆಯದಾಗಿ ನೇತ್ರದಾನದ ಬಗ್ಗೆ ಒಂದು ತಪ್ಪು ತಿಳುವಳಿಕೆಯನ್ನು ತೆಗೆಯಬೇಕಾಗಿದೆ. ‘ನನಗೆ ಪೊರೆ ಆಪರೇಷನ್ ಆಗಿದೆ, ಲೆನ್ಸ್ ಇಟ್ಟಿದ್ದಾರೆ, ನನ್ನ ಕಣ್ಣು ಯಾರಿಗೆ ಬೇಕು’ ಎನ್ನುವ ಹಿರಿಯರು ಬಹಳ. ಆಪರೇಷನ್ ಆದದ್ದು ಮಸೂರಕ್ಕೆ, ದಾನಕ್ಕೆ ಬೇಕಾದದ್ದು ಕಾರ್ನಿಯಾ. ಪೊರೆ ತೆಗೆಸಿದವರು, ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು ಸಹ ದಾನ ಮಾಡಬಹುದು. ರೇಬೀಸ್, ಏಡ್ಸ್, ಕಾಮಾಲೆಯ ಬಿ ಮತ್ತು ಸಿ ಸೋಂಕಿನಂಥ ಕೆಲವು ಕಾಯಿಲೆಗಳಿದ್ದವರ ಕಣ್ಣು ಮಾತ್ರ ಕಸಿಗೆ ಬರುವುದಿಲ್ಲ. ಉಳಿದಂತೆ ಯೋಗ್ಯತೆಯನ್ನು ನೇತ್ರ ಬ್ಯಾಂಕಿನವರೇ ನೋಡಿಕೊಳ್ಳುತ್ತಾರೆ. ಪ್ರಾಣ ಹೋದ ಆರು ಗಂಟೆಗಳೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ನಿಲ್ಲಿಸಿ, ತಲೆಯ ಕೆಳಗೆ ದಿಂಬಿಡಬೇಕು. ಕೆಲಸ ಇಪ್ಪತ್ತು ನಿಮಿಷದ್ದು, ಮುಖ ವಿಕಾರವಾಗುವುದಿಲ್ಲ, ಮುಂದಿನ ಸಂಸ್ಕಾರಗಳಿಗೆ ಅಡ್ಡಿಯಿಲ್ಲ. ಪ್ರತಿಜ್ಞಾಪತ್ರ ಬರೆದಿಟ್ಟರೆ ಸಾಲದು, ಮನೆಯವರಿಗೆ ಹೇಳಿರಬೇಕು. ಫೋನ್ ಮಾಡುವವರು ಅವರೇ ಅಲ್ಲವೇ? ಪ್ರತಿ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ದೇಶದಲ್ಲಿ ನೇತ್ರದಾನ ಪಕ್ಷವನ್ನು ಆಚರಿಸುತ್ತಾರೆ. ಮನೆಯಲ್ಲಿ ಈ ಮಾತು ಎತ್ತಲು ಅದು ಒಳ್ಳೆಯ ಸಮಯ.

ಭಕ್ತ ಬಾಂಧವರೇ, ದೇವರ ಮೂರ್ತಿಯನ್ನು ಪ್ರತಿಷ್ಠಾಪಿಸುವಾಗ ಎಲ್ಲ ವಿಧಿಗಳ ನಡುವೆ ನೇತ್ರೋನ್ಮೀಲನಕ್ಕೆ ಎಷ್ಟು ಮಹತ್ವವಿದೆಯೆಂದು ಹಿರಿಯರು ಬಲ್ಲರು. ಶಿಲ್ಪಿಯು ಕಣ್ಣು ಬಿಡಿಸುವ ಮುನ್ನ ಮುಹೂರ್ತ ನೋಡುತ್ತಾನೆ, ಮೌನವಾಗಿರುತ್ತಾನೆ, ಕೈ ನಡುಗದಂತೆ ಕೂರುತ್ತಾನೆ. ಕಲ್ಲಿನ ಕಣ್ಣಿಗೇ ಅಷ್ಟು ಜಾಗ್ರತೆ ಇರುವಾಗ, ಇನ್ನೊಬ್ಬರ ಪುಣ್ಯದಿಂದ ಎರಡನೇ ಬಾರಿ ತೆರೆದ ಕಣ್ಣಿಗೆ ಎಷ್ಟಿರಬೇಕು! ಪೊರೆ ಬಂದರೆ ಅವಸರಪಡಬೇಡಿ, ಹೆದರಿ ಕೂರಲೂ ಬೇಡಿ. ಕಾಗದ ತೆಗೆದುಕೊಂಡು ಹೋಗಿ, ಕೋಶಗಳನ್ನು ಎಣಿಸಲು ಹೇಳಿ, ಕಾಲ ಕೇಳಿ, ಹನಿ ತಪ್ಪಿಸಬೇಡಿ. ಕಣ್ಣಪ್ಪನು ಇಟ್ಟ ಗುರುತಿನ ಹೆಬ್ಬೆರಳನ್ನು ನೆನಪಿಡಿ.

ಸ್ವಾಮಿಯು ಎಲ್ಲರಿಗೂ ಆಯುರಾರೋಗ್ಯವನ್ನೂ, ಕೊನೆಯವರೆಗೆ ತನ್ನ ದರ್ಶನ ಮಾಡುವ ಕಣ್ಣನ್ನೂ ಕರುಣಿಸಲಿ.